ನೆರಳಿಗೆ ಫರಸಿ

ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ದಿನ ದೇವರು ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ಮನಸ್ಸಿನಲ್ಲೇ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ. ಮೋಟರಿಗೆ ಕರೆಂಟು ಹೊತ್ತಿಗೆ ಸರಿಯಾಗಿ ಬಂತು. ನಮ್ಮ ಮನೆಯವರ ಕಾಲುನೋವು ಇವತ್ತು ಕಡಿಮೆ ಇತ್ತು. ನಾನು ದೊಡ್ಡದನ್ನು ಬೇಡುವವಳಲ್ಲ, ಹಾಗಾಗಿ ಎಣಿಸಲಿಕ್ಕೆ ದಿನಾ ಏನಾದರೂ ಸಿಕ್ಕೇ ಸಿಗುತ್ತದೆ. ಆದರೆ ಹೋದ ಬೇಸಿಗೆಯಿಂದ ಈಚೆಗೆ ನೆರಳಿನ ಹತ್ತಿರ ಬಂದಾಗ ನಾಲಿಗೆ ತಡೆಯುತ್ತದೆ. ನೆರಳು ಕೊಟ್ಟೆಯಪ್ಪಾ ಅನ್ನಲು ಬಾಯಿ ಬರುವುದಿಲ್ಲ. ಅವನು ಕೊಟ್ಟಿದ್ದ. ಕೀಲಿ ಹಾಕಿದವಳು ನಾನು.

ನಮ್ಮ ಹೊಲ ಕುಡಚಿಯಿಂದ ಉಗಾರಕ್ಕೆ ಹೋಗುವ ಕಡೆ, ರಸ್ತೆಗೆ ಹತ್ತಿಕೊಂಡೇ ಇದೆ. ಮನೆಯೂ ಹೊಲದಲ್ಲೇ. ನಾನು ಮದುವೆಯಾಗಿ ಬಂದಾಗ ಪ್ರತಿ ಬದುವಿನ ಮೇಲೆ ಬೇವು, ಜಾಲಿ, ಬಾರಿ ಗಿಡಗಳಿದ್ದವು. ಎಮ್ಮೆ ಕಟ್ಟಲು ಒಂದು ಗಿಡ, ಕೂಸಿನ ಜೋಳಿಗೆ ತೂಗಲು ಒಂದು, ಅತ್ತೆಯ ಮೇಲೆ ಸಿಟ್ಟಾದಾಗ ಹೋಗಿ ಕೂಡಲು ಒಂದು. ಬೇಸಿಗೆಯ ಗಾಳಿ ಅವುಗಳನ್ನೆಲ್ಲ ದಾಟಿ ಮನೆಯೊಳಗೆ ಬರುವಷ್ಟರಲ್ಲಿ ತನ್ನ ಕಾವು ಕಳೆದುಕೊಂಡಿರುತ್ತಿತ್ತು. ಆಮೇಲೆ ನೆರಳು ಬಿದ್ದರೆ ಕಬ್ಬು ಸೊರಗುತ್ತದೆ ಎಂದು ಒಬ್ಬರು ಕಡಿಸಿದರು, ಅವರನ್ನು ನೋಡಿ ಇನ್ನೊಬ್ಬರು. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು ಬದುಗಳೇ ಸಣ್ಣಗಾದವು. ನಾವೂ ಕಡಿಸಿದೆವು. ಆ ಕಟ್ಟಿಗೆಯಲ್ಲಿ ಒಂದು ಮಳೆಗಾಲ ಪೂರ್ತಿ ಒಲೆ ಉರಿಯಿತು, ಅದನ್ನೂ ನಾನು ಆಗ ದೇವರ ಕೃಪೆ ಎಂದೇ ಎಣಿಸಿದ್ದೆ. ಈಗ ಕಬ್ಬು ಕಡಿದು ಹೋದ ಮೇಲೆ ಬಾಗಿಲಲ್ಲಿ ನಿಂತರೆ ಕೃಷ್ಣಾ ಹೊಳೆಯ ದಂಡೆಯವರೆಗೆ ಕಣ್ಣಿಗೆ ಏನೂ ಅಡ್ಡ ಬರುವುದಿಲ್ಲ. ಬಿಸಿಲೊಂದು ಕುಣಿಯುತ್ತಿರುತ್ತದೆ.

ಉಳಿದದ್ದು ಒಂದೇ ಗಿಡ, ರಸ್ತೆಯ ಕಡೆ ಮೂಲೆಯಲ್ಲಿನ ಅತ್ತಿ. ಅದನ್ನು ಹಚ್ಚಿದವಳು ಮಾವಶಿ.

ಮಾವಶಿ ನನ್ನ ಬಳಗದವಳಲ್ಲ. ಮರಾಠಿ ಬೆರೆತ ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತೇವೆ. ನಮ್ಮ ಹೊಲಕ್ಕೆ ಕಳೆ ತೆಗೆಯಲು, ಕಬ್ಬಿನ ಒಣ ಸೋಗೆ, ಅಂದರೆ ರವದಿ, ಹರವಲು ಬರುವ ಹೆಣ್ಣಾಳುಗಳಲ್ಲಿ ಆಕೆಯೇ ಹಿರಿಯಳು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಾಳೆ. ಆಕೆಯ ಮನೆಯಲ್ಲಿ ಬುದ್ಧನ ಫೋಟೋ ಇದೆ, ನಮ್ಮ ಮನೆಯಲ್ಲಿ ದತ್ತನ ಫೋಟೋ. ಹೊಲದ ಕೆಲಸದಲ್ಲಿ ಆ ಮಾತು ಎಂದೂ ಬರುತ್ತಿರಲಿಲ್ಲ.

ಪೈಪ್‌ಲೈನಿನ ನೀರು ಬಂದು ಬೀಳುವ ತೊಟ್ಟಿಯ ಗೋಡೆಯಲ್ಲಿ ಒಂದು ಬಿರುಕು. ಅಲ್ಲಿ ಯಾವುದೋ ಹಕ್ಕಿ ಹಾಕಿದ ಬೀಜದಿಂದ ಅತ್ತಿಯ ಸಸಿ ಎದ್ದಿತ್ತು. ಬಿಟ್ಟರೆ ತೊಟ್ಟಿ ಒಡೆಯುತ್ತದೆ. ಕಿತ್ತು ಒಗೆಯೋಣವೆಂದರೆ ಅತ್ತಿ ಎಂದರೆ ಔದುಂಬರ, ದತ್ತಾತ್ರೇಯನ ಗಿಡ, ನಾವೋ ಹುಣ್ಣಿಮೆಗೆ ನರಸೋಬಾನ ವಾಡಿಗೆ ಹೋಗಿ ಬರುವ ಮಂದಿ. ನಾನು ಏನೂ ತೋಚದೆ ನಿಂತಿದ್ದಾಗ ಮಾವಶಿ ಕಳೆ ತೆಗೆಯುವ ಖುರಪಿಯಿಂದ ಬೇರು ಹರಿಯದ ಹಾಗೆ ಅದನ್ನು ಬಿಡಿಸಿಕೊಂಡಳು. ಸೆರಗಿನಲ್ಲಿ ಒಯ್ದು ಮೂಲೆಯಲ್ಲಿ ನೆಟ್ಟಳು.

ಅದಕ್ಕೆಂದು ಯಾರೂ ಬೇರೆ ನೀರು ಹೊತ್ತು ಹಾಕಲಿಲ್ಲ. ಹೆಣ್ಣಾಳುಗಳು ಮಧ್ಯಾಹ್ನ ಅದರ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು, ಉಂಡಾದ ಮೇಲೆ ಅದರ ಬುಡಕ್ಕೇ ಕೈ ತೊಳೆಯುತ್ತಿದ್ದರು. ಡಬ್ಬಿ ಗಲಬರಿಸಿದ ನೀರು, ಬಾಯಿ ಮುಕ್ಕಳಿಸಿದ ನೀರು, ಎಲ್ಲ ಅಲ್ಲೇ. ಮೊದಲಿಗೆ ಅವರೇ ಅದಕ್ಕೆ ನೆರಳಾಗಿ ಕೂತರು. ಆಮೇಲೆ ಅದು ಅವರಿಗೆ ನೆರಳಾಯಿತು.

ಗಿಡ ಅಗಲವಾದ ಹಾಗೆ ಅದರ ಕೆಳಗೆ ಒಂದು ಸಣ್ಣ ಊರೇ ಬಂದು ಕೂತಿತು. ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿನವರು ಟೈರು ಆರಲಿ ಎಂದು ನಿಲ್ಲುತ್ತಿದ್ದರು. ಕಬ್ಬು ಕಡಿಯಲು ಹೊರಗಿನಿಂದ ಬರುವ ಗ್ಯಾಂಗಿನ ಹೆಣ್ಣುಮಕ್ಕಳು ಕೂಸುಗಳನ್ನು ಜೋಳಿಗೆಯಲ್ಲಿ ಹಾಕಿ ಕೊಂಬೆಗೆ ಕಟ್ಟಿ ಹೋಗುತ್ತಿದ್ದರು. ಯಾರ ಕೂಸು ಅತ್ತರೂ ಅಲ್ಲಿದ್ದವರು ತೂಗುತ್ತಿದ್ದರು. ಮುಗಳಖೋಡದ ಕಡೆಯಿಂದ ಕುರಿ ಹೊಡೆದುಕೊಂಡು ಬರುವವರು ಮಳೆ ಎಲ್ಲಿ ಬಿತ್ತು, ಎಲ್ಲಿ ಬಿಟ್ಟಿತು ಎಂಬ ಸುದ್ದಿ ಹೇಳುತ್ತಿದ್ದರು. ಹಣ್ಣಿನ ಕಾಲಕ್ಕೆ ಗಿಳಿ, ಕೋಗಿಲೆ, ಅಳಿಲು ಒಂದೇ ಗದ್ದಲ. ಉದುರಿದ ಹಣ್ಣಿಗೆ ಆಡುಗಳು. ಅದರ ಬುಡದ ಮಣ್ಣು ಕಡು ಬೇಸಿಗೆಯಲ್ಲೂ ಬರಿಗಾಲಿಗೆ ತಂಪು ಹತ್ತುತ್ತಿತ್ತು.

ನಮ್ಮ ಮನೆಯವರು ಆ ಕಡೆಯ ಸಾಲಿನ ಕಬ್ಬು ಹಾಳಾಗುತ್ತದೆ ಎಂದು ಗೊಣಗುತ್ತಲೇ ಅಲ್ಲಿ ಹೋಗಿ ಟವೆಲ್ ಹಾಸಿ ಮಲಗುತ್ತಿದ್ದರು. ಮಾವಶಿ ಬಿಡುತ್ತಿರಲಿಲ್ಲ.

"ಮಾಲಕರ ಕಬ್ಬ ನೋಡಾಕ ಬಂದಾರೋ, ಗೊರಕಿ ಹೊಡ್ಯಾಕ ಬಂದಾರೋ?"

ಇವರು ಕಣ್ಣು ತೆರೆಯದೆಯೇ, "ಗಿಡಾ ಕಾಯಾಕತ್ತೀನಿ, ಸುಮ್ನಿರು ಮಾವಶಿ" ಅನ್ನುತ್ತಿದ್ದರು.

ನಾನೂ ಉಪ್ಪಿನಕಾಯಿ ಹಿಡಿದುಕೊಂಡು ಹೋಗುತ್ತಿದ್ದೆ. ಆಕೆಯ ಶೇಂಗಾ ಚಟ್ನಿ ನನ್ನ ರೊಟ್ಟಿಗೆ, ನನ್ನ ಉಪ್ಪಿನಕಾಯಿ ಆಕೆಯ ರೊಟ್ಟಿಗೆ. ನಮ್ಮ ಮನೆಯ ಪಡಸಾಲೆಯಲ್ಲಿ ಆಳುಗಳಿಗೆ ಚಹಾ ಕೊಡುವ ಕಪ್ಪುಗಳು ಬೇರೆ ಇದ್ದವು. ಅತ್ತೆಯ ಕಾಲದಿಂದ ಇದ್ದವು, ನಾನು ತೆಗೆದಿರಲಿಲ್ಲ, ಬರೆಯಲು ನಾಚಿಕೆಯಾಗುತ್ತದೆ. ಗಿಡದ ಕೆಳಗೆ ಮಾತ್ರ ಯಾರ ಬುತ್ತಿಗೆ ಯಾರ ಕೈ ಎಂದು ನೋಡುವವರಿರಲಿಲ್ಲ. ಆ ಅತ್ತಿ ನಮ್ಮ ಹೊಲಕ್ಕೆ ತಂಪು ಕೊಟ್ಟಿತು, ಮಣ್ಣಿಗೆ ಎಲೆ ಕೊಟ್ಟಿತು ಅನ್ನುವುದೆಲ್ಲ ಸರಿ. ನನಗೆ ಅದು ಕೊಟ್ಟದ್ದು, ಮನೆಯಲ್ಲಿ ನಾನು ಮಾಡಲಾರದ್ದನ್ನು ಹೊರಗೆ ಮಾಡುವ ಒಂದು ಜಾಗ.

ಹೀಗಿರುವಾಗ ನಮ್ಮ ಮನೆಯವರು ಬೈಕಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಮಿರಜಿನ ದವಾಖಾನೆಯ ಹೊರಗೆ ಬೆಂಚಿನ ಮೇಲೆ ಕೂತು ನಾನು ದತ್ತನಿಗೆ ಹರಕೆ ಹೊತ್ತೆ. ಇವರು ತಮ್ಮ ಕಾಲ ಮೇಲೆ ನಡೆದು ಮನೆಯೊಳಗೆ ಬಂದರೆ ನಿನ್ನ ಗಿಡಕ್ಕೆ ಕಟ್ಟೆ ಕಟ್ಟಿಸುತ್ತೇನೆ ಎಂದೆ. ಇವರು ಕುಂಟುತ್ತಲೇ ಆದರೂ ನಡೆದು ಬಂದರು. ನಾನು ಮಾತು ಉಳಿಸಿಕೊಳ್ಳಬೇಕಾಗಿತ್ತು.

ಬರೀ ಕಲ್ಲು ಜೋಡಿಸಿದ ಕಟ್ಟೆಯಾದರೂ ಸಾಕಿತ್ತು. ಆದರೆ ಕಾಕು, ಅಂದರೆ ನೆರೆ ತೋಟದ ಚಿಕ್ಕಮ್ಮ, ಬಂದರು. ಹಿರಿಯರು, ನಮ್ಮ ಪೈಕಿಯವರೇ, ವ್ರತ ನೇಮ ಬಲ್ಲವರು. ಗಿಡದ ಸುತ್ತ ಒಂದು ಸುತ್ತು ಹಾಕಿ ಅವರು ಹೇಳಿದ್ದು ಇಷ್ಟೇ: "ಔದುಂಬರದ ಬುಡಕ ಮಂದಿ ಎಂಜಲ ಕೈ ತೊಳೀತಾರಲ್ಲವಾ, ದೇವರ ಎಷ್ಟ ಅಂತ ಸೈಸಬೇಕು?" ಇವರ ಕಾಲು ಮುರಿದದ್ದಕ್ಕೂ ಆ ಎಂಜಲಿಗೂ ನಂಟಿದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆ ನಂಟು ನನ್ನ ತಲೆಯಲ್ಲಿ ತಾನೇ ಬಂದು ಕೂತಿತು.

ಗೌಂಡಿಯನ್ನು ಕರೆಸಿದೆವು. ಎತ್ತರದ ಕಟ್ಟೆ, ಮೇಲೆ ನುಣುಪಾದ ಫರಸಿ ಕಲ್ಲಿನ ಹಾಸು, ಕಾಂಡಕ್ಕೆ ಹತ್ತಿಕೊಳ್ಳುವವರೆಗೂ ಸಿಮೆಂಟು. ತೊಳೆದ ನೀರು ನಿಂತು ರಾಡಿಯಾಗಬಾರದೆಂದು ಆತ ನಾಲ್ಕೂ ಕಡೆ ಇಳಿಜಾರು ಕೊಟ್ಟ. ಸುತ್ತ ಸ್ಟೀಲಿನ ಗ್ರಿಲ್ಲು, ಒಂದು ಸಣ್ಣ ಗೇಟು, ಒಳಗೆ ದತ್ತನ ಪಾದುಕೆ, ಒಂದು ಹಿತ್ತಾಳೆಯ ಗಂಟೆ. ಗಂಟೆಯನ್ನು ಯಾರಾದರೂ ಒಯ್ದಾರು ಎಂದು ಗೇಟಿಗೆ ಕೀಲಿ. ಅಲ್ಲಿಯವರೆಗೆ ಎಲ್ಲರ ಬಾಯಲ್ಲಿ ಅತ್ತಿ ಗಿಡವಾಗಿದ್ದದ್ದು ಪೂಜೆಯ ದಿನದಿಂದ ಔದುಂಬರವಾಯಿತು.

ಪೂಜೆ ಮುಗಿಯುವ ಹೊತ್ತಿಗೆ ಹೆಣ್ಣಾಳುಗಳು ಬುತ್ತಿ ಹಿಡಿದು ಬಂದರು. ಬಂದವರು ಅಲ್ಲೇ ನಿಂತರು. ಬರಬೇಡಿ ಎಂದು ಯಾರೂ ಅನ್ನಲಿಲ್ಲ, ಅನ್ನುವ ಅಗತ್ಯವೇ ಬೀಳಲಿಲ್ಲ. ನಾನು ಕಟ್ಟೆಯ ಮೇಲಿದ್ದೆ. ಗ್ರಿಲ್ಲಿನ ಮೇಲಿನಿಂದ ಕೈ ಚಾಚಿ ಸಜ್ಜಕದ ಪ್ರಸಾದ ಕೊಟ್ಟೆ. ಮಾವಶಿ ಕೆಳಗೆ ನಿಂತು ಸೆರಗು ಒಡ್ಡಿದಳು.

"ಭಾಳ ಚಂದ ಆಗೈತಿ ವೈನಿ" ಎಂದಳು.

ಆಮೇಲೆ ಅವರೆಲ್ಲ ಹೊಲದ ಆ ತುದಿಗೆ ಹೋಗಿ, ಖಾಲಿ ನಿಂತಿದ್ದ ಟ್ರೇಲರಿನ ಪಕ್ಕದಲ್ಲಿ ಬುತ್ತಿ ಬಿಚ್ಚಿದರು. ನಾನು ನೋಡಿದೆ. ನೋಡಿ ನನಗೆ ಹಗುರ ಅನಿಸಿತು. ಹೊಸ ಫರಸಿಯ ಮೇಲೆ ಚಟ್ನಿಯ ಎಣ್ಣೆ ಬೀಳುವುದು ತಪ್ಪಿತಲ್ಲ ಎಂದು. ಅಂದಿನ ದೀಪದ ಹೊತ್ತಿಗೆ ಅದನ್ನೂ ಎಣಿಸಿದೆನೇನೋ.

ಗುರುವಾರ ಗುರುವಾರ ಆರತಿ ಸುರುವಾಯಿತು. ತೋಟದ ಮನೆಗಳ ಹೆಣ್ಣುಮಕ್ಕಳು ರೇಷ್ಮೆ ಸೀರೆ ಉಟ್ಟು ಬರುತ್ತಿದ್ದರು, ಎಲ್ಲರ ಬಾಯಲ್ಲೂ ನನ್ನ ಹೊಗಳಿಕೆ. ಟ್ರ್ಯಾಕ್ಟರಿನವರು ಈಗ ಅಲ್ಲಿ ನಿಲ್ಲಿಸುತ್ತಿರಲಿಲ್ಲ, ಓಡಿಸುತ್ತಲೇ ಒಂದು ಕೈ ಎದೆಗೆ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಜೋಳಿಗೆ ಕಟ್ಟುವವರು ಕೂಸುಗಳನ್ನು ರವದಿಯ ಮೇಲೆ ಮಲಗಿಸಿ, ಮೇಲೊಂದು ಹಳೆ ಸೀರೆ ಮುಚ್ಚುತ್ತಿದ್ದರು. ನಾನು ಉಪ್ಪಿನಕಾಯಿ ಹಿಡಿದು ಟ್ರೇಲರಿನವರೆಗೆ ಹೋಗಲಿಲ್ಲ. ಬಿಸಿಲು ಬಹಳ ಇತ್ತು.

ಹೋದ ಬೇಸಿಗೆಯಲ್ಲಿ ಗಿಡ ಹಣ್ಣು ಬಿಡಲಿಲ್ಲ. ಎಲೆಗಳು ಹಳದಿಯಾಗಿ, ಅಂಚು ಸುಟ್ಟ ಹಾಗಾಗಿ ಉದುರತೊಡಗಿದವು. ನಾನು ದಿನಾ ಫರಸಿ ಗುಡಿಸಿದೆ. ಕಾಕು ಬಂದು ಮೇಲೆ ನೋಡಿ ದೃಷ್ಟಿ ತಾಗಿದೆ ಎಂದರು, ಮೈಲಿಗೆಯೂ ಇರಬಹುದು ಎಂದರು. ಹಾಲಿನ ಅಭಿಷೇಕ ಮಾಡಿಸಿದೆವು, ಅರಿಶಿನದ ನೀರು ಹೊಯ್ದೆವು. ಗೌಂಡಿ ಕೆಲಸ ಚೆನ್ನಾಗಿ ಮಾಡಿದ್ದ. ಹಾಲೂ ನೀರೂ ಒಂದು ಹನಿ ಉಳಿಯದೆ ಇಳಿಜಾರಿನಲ್ಲಿ ಹರಿದು, ತೂತಿನಿಂದ ಹೊರಬಿದ್ದು ರಸ್ತೆಗೆ ಹೋಯಿತು. ಅಲ್ಲಿ ಒಂದು ನಾಯಿ ನೆಕ್ಕುತ್ತಿತ್ತು. ನಾನು ಅದನ್ನು ಅಟ್ಟಿದೆ. ಗಿಡದ ಬಾಯಿಗೆ ನಾನೇ ಮುಚ್ಚಳ ಹಾಕಿದ್ದೇನೆಂದು ಆಗಲೂ ಹೊಳೆಯಲಿಲ್ಲ.

ಕುಳೆ ಕಬ್ಬಿನ ಕಳೆ ತೆಗೆಯುವ ದಿನಗಳು. ಮಧ್ಯಾಹ್ನ ನಾನು ಹಪ್ಪಳ ಒಣಗಲು ಹಾಕುತ್ತಿದ್ದೆ. ಹೆಣ್ಣಾಳುಗಳು ಕೂಗಿದ್ದು ಕೇಳಿಸಿತು. ಓಡಿ ಹೋದರೆ, ಮಾವಶಿ ತಲೆ ತಿರುಗಿ ಬಿದ್ದಿದ್ದಳು. ಟ್ರೇಲರಿನ ನೆರಳು ನಡು ಮಧ್ಯಾಹ್ನ ಅದರ ಕೆಳಗೇ ಅಡಗಿಬಿಡುತ್ತದೆ, ಅವರು ಬಿಸಿಲಲ್ಲೇ ಕೂತು ಉಂಡಿದ್ದರು. ಈಗ ಆಕೆಯನ್ನು ಹೊತ್ತುಕೊಂಡು ಗಿಡದ ಕಡೆ ತಂದಿದ್ದರು. ಆ ಗಾಬರಿಯಲ್ಲೂ ಅವರು ಗ್ರಿಲ್ಲಿನ ಹೊರಗೇ ನಿಂತಿದ್ದರು. ಉದುರಿ ಉಳಿದ ಎಲೆಗಳ ನೆರಳು ಕಟ್ಟೆಯಾಚೆ ಒಂದಿಷ್ಟು ಚೆಲ್ಲಿತ್ತು, ಅಲ್ಲಿ ಮಣ್ಣಿನ ಮೇಲೆ ಮಲಗಿಸಿದ್ದರು. ಮಾವಶಿಯ ತಲೆ ನನ್ನ ಕಟ್ಟೆಯ ಹೊರಗೋಡೆಗೆ ಆನಿಕೊಂಡಿತ್ತು. ಮುಖದಲ್ಲಿ ಬೆವರೇ ಇರಲಿಲ್ಲ. ಮೈ ಹೆಂಚಿನ ಹಾಗೆ ಸುಡುತ್ತಿತ್ತು.

"ಒಳಗ ತಗೊಂಬರ್ರಿ, ಫರಸಿ ತಂಪೈತಿ" ಎಂದೆ ನಾನು.

ಯಾರೂ ಅಲುಗಲಿಲ್ಲ. ಒಬ್ಬಳು ಗೇಟಿನ ಕಡೆ ನೋಡಿದಳು. ನಾನೂ ನೋಡಿದೆ. ಕೀಲಿ ನೇತಾಡುತ್ತಿತ್ತು. ಕೀಲಿಕೈ ಮನೆಯಲ್ಲಿ, ದೇವರ ಮಾಡದಲ್ಲಿ.

ಮಾವಶಿ ಅರೆಗಣ್ಣು ತೆರೆದು ನನ್ನ ಕೈ ಹಿಡಿದಳು. "ಬ್ಯಾಡ ವೈನಿ. ನನ್ನ ಕಾಲಾಗ ಮಣ್ಣೈತಿ, ನಿಮ್ಮ ಕಟ್ಟಿ ಹೊಲಸಾಗತೈತಿ."

ಆ ಹೊತ್ತಿನಲ್ಲೂ ಆಕೆಗೆ ನನ್ನ ಫರಸಿಯ ಚಿಂತೆ. ನಾನು ಕೀಲಿಕೈ ತರಲು ಓಡಲಿಲ್ಲ, ಓಡಿ ಬರುವವರೆಗೆ ಆಕೆಯ ಕೈ ಬಿಡಲು ಧೈರ್ಯವಾಗಲಿಲ್ಲ. ಸೆರಗು ತೋಯಿಸಿ ಮುಖಕ್ಕೆ, ಕುತ್ತಿಗೆಗೆ ಒತ್ತಿದೆ. ನಮ್ಮ ಮನೆಯವರು ಕುಂಟುತ್ತ ಬಂದು ಗಾಡಿ ತೆಗೆದರು, ಕುಡಚಿಯ ಡಾಕ್ಟರ ಹತ್ತಿರ ಒಯ್ದೆವು. ಬಿಸಿಲು ಹತ್ತಿದೆ, ಇನ್ನಷ್ಟು ತಡವಾಗಿದ್ದರೆ ಕಠಿಣವಿತ್ತು ಎಂದು ಅವರು ಸಲೈನ್ ಹಚ್ಚಿದರು. ಸಂಜೆಗೆ ಮಾವಶಿ ಎದ್ದು ಕೂತು ಚಹಾ ಕೇಳಿದಳು. ಅಂದು ದೀಪದ ಮುಂದೆ ಆಕೆಯ ಜೀವ ಉಳಿದದ್ದನ್ನು ನೆನೆದೆ. ಅದಕ್ಕಿಂತ ಮುಂದೆ ಎಣಿಕೆ ಸಾಗಲಿಲ್ಲ.

ಕಟ್ಟೆ ಒಡೆಸಬೇಕು ಅನಿಸಿತು. ಹೆದರಿಕೆಯೂ ಆಯಿತು. ಇವರ ಕಾಲಿಗಾಗಿ ಹೊತ್ತ ಹರಕೆ ಅದು, ಒಡೆದರೆ ಇವರಿಗೇನಾದರೂ ಆದರೆ? ಹಾಗೇ ಕೆಲವು ದಿನ ಕಳೆದವು. ಕೊನೆಗೆ ಇವರು ಅಂಗಳದಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಹೇಳಿದೆ. ನಿಮ್ಮ ಜೀವದ ಮೇಲೆ ಹೊತ್ತದ್ದು, ನನಗೆ ಅಂಜಿಕೆ ಎಂದೂ ಹೇಳಿದೆ.

ಇವರು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ದತ್ತಗ ಫರಸಿ ಬೇಕಾಗಿದ್ರ ಗಿಡದ ಬುಡಕ ಯಾಕ ಕೂಡತಿದ್ದಾ? ಯಾವದರ ಬಂಗ್ಲೆ ನೋಡಕೊಂತಿದ್ದ." ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿ, "ನನಗೂ ಮಲಗಾಕ ಜಾಗ ಇಲ್ದಂಗ ಆಗೈತಿ" ಎಂದರು.

ಅದೇ ಗೌಂಡಿ ಬಂದ. ಕಟ್ಟಿಸಿದವರೇ ಒಡೆಸುವುದನ್ನು ಅವನು ನೋಡಿರಲಿಲ್ಲವಂತೆ. ಗ್ರಿಲ್ಲು ಬಿಚ್ಚಿದ, ಫರಸಿ ಎಬ್ಬಿಸಿದ. ಕೆಳಗಿನ ಮಣ್ಣು ಒಲೆಯ ಬೂದಿಯ ಹಾಗೆ ಹಾರಿತು. ಒಂದು ಎರೆಹುಳ ಇಲ್ಲ, ಒಂದು ಇರುವೆ ಇಲ್ಲ. ಬೇರುಗಳು ಸಿಮೆಂಟಿನ ತಳಕ್ಕೆ ಅಂಟಿಕೊಂಡು ಮೇಲೆ ಬರಲು ದಾರಿ ಹುಡುಕಿದ್ದವು. ಪಾದುಕೆಗಳನ್ನು ನಾನು ಮನೆಯ ಮಾಡಕ್ಕೆ ತಂದೆ. ಕಾಕು ದೂರದಿಂದಲೇ ನೋಡಿ, ದೇವರನ್ನು ಎಬ್ಬಿಸಿ ಆಳುಗಳನ್ನು ಕೂಡಿಸುತ್ತಾಳಂತೆ ಎಂದು ಯಾರಿಗೋ ಕೇಳುವಂತೆ ಹೇಳಿ ಹೋದರು. ಆಮೇಲೆ ಗುರುವಾರ ಅವರು ಬಂದಿಲ್ಲ, ಉಳಿದವರೂ ಬಂದಿಲ್ಲ. ಅದು ನನಗೆ ನಾಚಿಕೆ ತರಲಿಲ್ಲ. ನಾಚಿಕೆ ಬೇರೆ ಕಡೆ ಇತ್ತು.

ಗಿಡದ ಒಂದು ಮಗ್ಗುಲು ಒಣಗಿಯೇ ಹೋಯಿತು. ಇನ್ನೊಂದು ಮಗ್ಗುಲಿಗೆ ನೀರು ಬಿಟ್ಟ ಮೇಲೆ ತುಸು ಚಿಗುರು ಬಂತು. ಎಳೆಯ ಹೆಣ್ಣಾಳುಗಳು ಅಂಜುತ್ತ ಅಂಜುತ್ತ ಮತ್ತೆ ಅಲ್ಲಿ ಕೂಡತೊಡಗಿದರು. ಮಾವಶಿ ಕೆಲಸಕ್ಕೆ ಮರಳಿದಳು, ಆದರೆ ಊಟದ ಹೊತ್ತಿಗೆ ರಸ್ತೆಯಾಚೆ ಹೋಗಿ ಒಬ್ಬಳೇ ಕೂತಳು. ನಾನು ರೊಟ್ಟಿ ಹಿಡಿದುಕೊಂಡು ಹೋಗಿ ಕರೆದೆ. ನೀನೇ ಹಚ್ಚಿದ ಗಿಡ, ಬಾ ಎಂದೆ.

"ಅಲ್ಲಿ ನಂಗ ತುತ್ತ ಇಳಿಯಾಂಗಿಲ್ಲ ವೈನಿ" ಎಂದಳು. ಸಿಟ್ಟಿಲ್ಲ, ಅಳು ಇಲ್ಲ. ಹಲ್ಲು ನೋವಿದೆ ಅನ್ನುವ ಹಾಗೆ ಹೇಳಿದಳು. ನಾನು ಕ್ಷಮಿಸು ಅನ್ನಲು ಬಾಯಿ ತೆರೆದೆ. ಆಕೆ ಅಷ್ಟರಲ್ಲಿ ನನ್ನ ರೊಟ್ಟಿಗೆ ಚಟ್ನಿ ಹಾಕಿದಳು.

ಮಳೆ ಸುರುವಾದಾಗ ಅರಣ್ಯ ಇಲಾಖೆಯ ನರ್ಸರಿಯಿಂದ ಬೇವು, ಹೊಂಗೆ, ಹುಣಸೆಯ ಸಸಿಗಳನ್ನು ತರಿಸಿದೆವು. ಬದುವಿನ ಮೇಲೆ ಮತ್ತೆ ಗಿಡ ಹಚ್ಚೋಣ, ಒಂದೆರಡು ಸಾಲು ಕಬ್ಬು ಹೋದರೆ ಹೋಗಲಿ ಎಂದು ನಮ್ಮ ಮನೆಯವರೂ ಒಪ್ಪಿದ್ದರು. ಎಲ್ಲಿ ಹಚ್ಚಬೇಕು ನೀನೇ ತೋರಿಸು ಎಂದು ನಾನು ಮಾವಶಿಯನ್ನು ಕರೆದೆ. ಆಕೆಗೆ ಏನೋ ತಿರುಗಿಸಿ ಕೊಡುತ್ತಿದ್ದೇನೆ ಎಂಬ ಹಿಗ್ಗು ನನ್ನಲ್ಲಿ ಇದ್ದಿರಬೇಕು.

ಮಾವಶಿ ಬದುವಿನ ಮೇಲೆ ನಿಲ್ಲಲೇ ಇಲ್ಲ. ನಡೆಯುತ್ತ ನಮ್ಮ ಹೊಲ ದಾಟಿ, ಚರಂಡಿ ದಾಟಿ, ರಸ್ತೆಯ ಅಂಚಿನ ಜಲ್ಲಿಮಣ್ಣು, ಮುರುಮಿನ ಮೇಲೆ ನಿಂತು, ಇಲ್ಲಿ ಎಂದಳು.

ಅದು ಸರಕಾರದ ಜಾಗ, ನಾಳೆ ರಸ್ತೆ ಅಗಲ ಮಾಡಿದರೆ ಕಡಿದು ಹಾಕುತ್ತಾರೆ ಎಂದು ನಮ್ಮ ಮನೆಯವರು ಹೇಳಿದರು. ಆಕೆ ಸಸಿಯ ಪ್ಲಾಸ್ಟಿಕ್ ಚೀಲ ಹರಿಯುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಕಡದ್ರ ಸರಕಾರ ಕಡೀತೈತಿ, ಮಾಲಕರ. ನೀವಂತೂ ಕೀಲಿ ಹಾಕಾಂಗಿಲ್ಲ."

ನಮ್ಮ ಮನೆಯವರು ನಕ್ಕರು. ಆಕೆಯೂ ಸ್ವಲ್ಪ ನಕ್ಕಳು. ನಾನು ಮುರುಮು ಅಗೆದೆ. ಗಟ್ಟಿ ನೆಲ, ಕೈಯಲ್ಲಿ ಬೊಬ್ಬೆ ಬಂದವು, ಯಾರಿಗೂ ತೋರಿಸಲಿಲ್ಲ.

ಎಲ್ಲ ಸಸಿಗಳನ್ನೂ ರಸ್ತೆಯ ಅಂಚಿಗೇ ಹಚ್ಚಿದೆವು. ಆಡು ತಿನ್ನದಂತೆ ಜಾಲಿಯ ಮುಳ್ಳು ಕಟ್ಟಿದೆವು. ಕೆಲವು ಒಣಗಿದವು, ಕೆಲವು ಹತ್ತಿಕೊಂಡವು. ಈ ಬೇಸಿಗೆಗೆ ಒಂದು ಹೊಂಗೆ ಮಾತ್ರ ನನ್ನ ಸೊಂಟದಷ್ಟು ಎತ್ತರವಾಗಿ, ಮುಳ್ಳಿನಾಚೆ ಒಂದು ಬುಟ್ಟಿಯಷ್ಟು ನೆರಳು ಚೆಲ್ಲುತ್ತಿದೆ. ಮಧ್ಯಾಹ್ನ ಮಾವಶಿ ಅಲ್ಲಿಗೆ ಹೋಗುತ್ತಾಳೆ. ಆ ನೆರಳಿನಲ್ಲಿ ತನ್ನ ಕುಡಿಯುವ ನೀರಿನ ಬಿಂದಿಗೆ ಇಡುತ್ತಾಳೆ. ತಾನು ತಲೆಗೆ ಸೆರಗು ಹಾಕಿಕೊಂಡು ಪಕ್ಕದಲ್ಲಿ ಬಿಸಿಲಿಗೆ ಕೂಡುತ್ತಾಳೆ.